ಅಜ್ಜಿಯ ರೂಪಾಯಿ, ಅಜ್ಜನ ಪದಕ: ಲಾಕೆಟ್ ಮಾಡಿಸಲು ಕೊಡುವ ಮೊದಲು ಇದನ್ನು ಓದಿ

ಮನೆಯಲ್ಲಿ ಹಳೇ ಬೆಳ್ಳಿ ರೂಪಾಯಿ, ಪವನು ಅನ್ನುವ ಚಿನ್ನದ ನಾಣ್ಯ, ಯುದ್ಧದ ಪದಕ ಇದೆಯಾ? ಅದನ್ನು ಲಾಕೆಟ್ಟೋ ಉಂಗುರವೋ ಮಾಡಿಸಿ ಯಾರಿಗಾದರೂ ಉಡುಗೊರೆ ಕೊಡುವ ಯೋಚನೆ ಇದ್ದರೆ, ಕೈಯಿಂದ ಬಿಡುವ ಮೊದಲು ಇದನ್ನು ಪೂರ್ತಿ ಓದಿ. ಕಾಸರಗೋಡು, ಕುಂಬಳೆ, ಉಪ್ಪಳ ಕಡೆ ಈಗ ಮದುವೆ ಸೀಸನ್. ನಾಣ್ಯದ ಗಿಫ್ಟ್ ಅಂತ ಎಲ್ಲರ ಸ್ಟೇಟಸ್‌ನಲ್ಲೂ ಫೋಟೊ ಕಾಣುತ್ತಿದೆ. ನಮಗೆ ಮೋಸ ಮಾಡಿದ ಅಂಗಡಿಯ ಹೆಸರು ಇಲ್ಲಿ ಹಾಕುವುದಿಲ್ಲ. ದೂರು ಕೊಟ್ಟಾಗಿದೆ, ಅದರ ಪಾಡಿಗೆ ಅದು ನಡೆಯಲಿ.

ತಮ್ಮನ ಮದುವೆಗೆ ಅಂತ ಅಮ್ಮ ಪೆಟ್ಟಿಗೆಯಿಂದ ಐದು ರೂಪಾಯಿ ತೆಗೆದುಕೊಟ್ಟಿದ್ದರು. ವಿಕ್ಟೋರಿಯಾ ರಾಣಿಯದು ಎರಡು, 1885ರದ್ದೊಂದು, 1901ರದ್ದೊಂದು. ಎಡ್ವರ್ಡ್‌ದು ಒಂದು. ಐದನೇ ಜಾರ್ಜ್‌ನದು ಎರಡು. ಮದುಮಗಳಿಗೆ ಲಾಕೆಟ್, ತಮ್ಮನಿಗೆ ಕಫ್‌ಲಿಂಕ್, ಉಳಿದದ್ದು ಅಕ್ಕತಂಗಿಯರಿಗೆ ಕೀಚೈನ್. ಜತೆಗೆ ಅಜ್ಜನ ಪದಕ. ಎರಡನೇ ಮಹಾಯುದ್ಧದಲ್ಲಿ ಅಜ್ಜ ಮಿಲಿಟರಿ ಲಾರಿ ಓಡಿಸುತ್ತಿದ್ದರು. ಆಗ ನಮ್ಮ ಊರು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡಕ್ಕೆ ಸೇರಿತ್ತು, ಕೇರಳಕ್ಕೆ ಹೋದದ್ದು 1956ರಲ್ಲಿ. ಪದಕದ ಒಂದು ಬದಿ ಕಿರೀಟ ಹಾಕಿದ ಆರನೇ ಜಾರ್ಜ್. ಇನ್ನೊಂದು ಬದಿ ಎರಡು ತಲೆಯ ಡ್ರಾಗನ್ ಮೇಲೆ ನಿಂತ ಸಿಂಹ, ಮೇಲೆ 1939, 1945 ಅಂತ ಇಸವಿ. ಲೋಹ ತಾಮ್ರ ನಿಕ್ಕಲ್ ಮಿಶ್ರಣ, ಕರಗಿಸಿದರೆ ಏನೂ ಸಿಗುವುದಿಲ್ಲ. ಆದರೆ ಅಂಚಿನಲ್ಲಿ ಅಜ್ಜನ ನಂಬರ್, ಹೆಸರು, ದಳದ ಹೆಸರು ಸಣ್ಣ ಅಕ್ಷರದಲ್ಲಿ ಒತ್ತಿದ್ದರು. ಆ ಪದಕ ಅಜ್ಜನದು ಅನ್ನುವುದಕ್ಕೆ ಇದ್ದ ಗುರುತು ಅದೊಂದೇ. ಅದನ್ನು ರಿಬ್ಬನ್ ಸಮೇತ ಗಾಜಿನ ಪೆಟ್ಟಿಗೆಯಲ್ಲಿ ಕೂರಿಸಿ ಕೊಡಿ ಅಂದಿದ್ದೆವು. ಬೇರೇನೂ ಮಾಡಲು ಹೇಳಿರಲಿಲ್ಲ.

ಕಾಸರಗೋಡಿನ ಒಂದು ವಸ್ತುಪ್ರದರ್ಶನದಲ್ಲಿ ಆ ಅಂಗಡಿಯವರ ಸ್ಟಾಲ್ ಇತ್ತು. ಚಂದ ಕನ್ನಡ, ಅಷ್ಟೇ ಚಂದ ಮಲಯಾಳ. "ಅಕ್ಕ, ನಮ್ಮಲ್ಲಿ ತೂತು ಹೊಡೆಯುವುದೇ ಇಲ್ಲ, ನಾಣ್ಯಕ್ಕೆ ಏನೂ ಆಗುವುದಿಲ್ಲ" ಅಂದರು. ಕೆಲಸ ನಡೆಯುವುದು ಬೇರೆ ಊರಿನಲ್ಲಂತೆ, ಆಳು ಹೋಗಿ ಕೊಟ್ಟು ಬರುತ್ತಾನಂತೆ. ಮುಂಗಡ ತೆಗೆದುಕೊಂಡು ರಶೀದಿ ಬರೆದರು. ರಶೀದಿಯಲ್ಲಿ ಇದ್ದದ್ದು ಇಷ್ಟೇ: ಹಳೇ ಕಾಯಿನ್ 5, ಮೆಡಲ್ 1. ತೂಕ ಇಲ್ಲ, ಇಸವಿ ಇಲ್ಲ. ತೂಕ ಬರೆಯಿರಿ ಅಂದದ್ದಕ್ಕೆ, "ಇದೇನು ಚಿನ್ನವಾ ಅಕ್ಕ, ನಂಬಿಕೆ ಇಲ್ವಾ?" ಅಂತ ನಗು. ನಿಮಗೂ ಯಾರಾದರೂ ಹೀಗೆ ನಕ್ಕರೆ ನಾಣ್ಯ ವಾಪಸ್ ತೆಗೆದುಕೊಂಡು ಮನೆಗೆ ಬನ್ನಿ. ಅವರ ಇಡೀ ಆಟ ನಡೆಯುವುದು ಆ ರಶೀದಿಯ ಮೇಲೆಯೇ.

ಮದುವೆಗೆ ಎರಡು ದಿನ ಇರುವಾಗ ಸಾಮಾನು ಬಂತು. ರೂಪಾಯಿಗಳು ಹೊಸ ಸ್ಟೀಲ್ ಲೋಟದ ಹಾಗೆ ಹೊಳೆಯುತ್ತಿದ್ದವು. ರಾಣಿಯ ಕುಪ್ಪಸದ ಮೇಲಿದ್ದ ಕಸೂತಿಯ ಗೆರೆ ಮಾಯ. ಮೂಗು ಚಪ್ಪಟೆ. ಪದಕ ನೇತು ಹಾಕುವ ಮೇಲಿನ ಪಟ್ಟಿಯನ್ನು ಕತ್ತರಿಸಿ ತೆಗೆದಿದ್ದರು. ಚಿನ್ನದ ಗಿಲೀಟು ಬೇರೆ ಹಾಕಿದ್ದರು. ಅಮ್ಮ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಅಪ್ಪನ ನಂಬರ್ ಎಲ್ಲಿ?" ಅಂತ ಕೇಳಿದರು. ಅಂಚು ಪೂರ್ತಿ ಅರದಿಂದ ಉಜ್ಜಿ ನುಣುಪು ಮಾಡಿದ್ದರು. ಒಂದಕ್ಷರ ಉಳಿದಿರಲಿಲ್ಲ.

ಫೋನ್ ಮಾಡಿದರೆ ಸಿಕ್ಕ ಉತ್ತರ: "ಅಂಚಿನ ಅಕ್ಷರ ಯಾರು ನೋಡ್ತಾರೆ ಅಕ್ಕ? ರೆಡಿಮೇಡ್ ರಿಂಗ್‌ನಲ್ಲಿ ಕೂರಲಿಲ್ಲ, ಸ್ವಲ್ಪ ಉಜ್ಜಿದ್ದೇವೆ. ಫಿನಿಶಿಂಗ್ ನೋಡಿ ಹೇಗಿದೆ!"

ಪದಕದ ಸಿಟ್ಟಿನಲ್ಲಿ ನಾಣ್ಯದ ಕಡೆ ಯಾರೂ ಸರಿಯಾಗಿ ನೋಡಿರಲಿಲ್ಲ. ನೋಡಿದ್ದು ಮಾವ. ಎರಡು ವಿಕ್ಟೋರಿಯಾ ಲಾಕೆಟ್ ಅಕ್ಕಪಕ್ಕ ಇಟ್ಟು, "ಇದು ಎರಡೂ 1901 ಅಲ್ವಾ, 85ರದ್ದು ಎಲ್ಲಿ ಹೋಯ್ತು?" ಅಂದರು. ನಾಣ್ಯ ಕೊಡುವ ಮೊದಲು ತಮ್ಮ ಫ್ಯಾಮಿಲಿ ಗ್ರೂಪಿಗೆ ಫೋಟೊ ಹಾಕಿದ್ದ, ಪುಣ್ಯ. ಫೋಟೊದಲ್ಲಿ 1885 ಸ್ಪಷ್ಟವಾಗಿದೆ. ಇನ್ನೂ ಹತ್ತಿರದಿಂದ ನೋಡಿದರೆ ಎರಡರಲ್ಲೂ ರಾಣಿಯ ಕಿರೀಟದ ಮೇಲೆ, ಸ್ವಲ್ಪ ಎಡಕ್ಕೆ, ಎಳ್ಳು ಕಾಳಿಗಿಂತ ಸಣ್ಣ ಗುಳಿ. ಒಂದೇ ಜಾಗ, ಒಂದೇ ಆಕಾರ. ಬೇರೆ ಬೇರೆ ಕೈ ದಾಟಿ ಬಂದ ಎರಡು ನಾಣ್ಯಕ್ಕೆ ಒಂದೇ ಪೆಟ್ಟು ಬೀಳಲು ಸಾಧ್ಯವೇ ಇಲ್ಲ.

ಬದಿಯಡ್ಕದಲ್ಲಿ ನಮ್ಮ ಮನೆಗೆ ಮೊದಲಿನಿಂದ ಕೆಲಸ ಮಾಡಿಕೊಡುವ ಆಚಾರಿ ಇದ್ದಾರೆ. ಅವರು ರಿಂಗ್ ಬಿಡಿಸಿ ನಾಣ್ಯ ಹೊರಗೆ ತೆಗೆದರು. ತಕ್ಕಡಿಯಲ್ಲಿ ಒಂಬತ್ತುವರೆ ಗ್ರಾಂ. ಬ್ರಿಟಿಷ್ ಕಾಲದ ರೂಪಾಯಿ ಅಂದರೆ ಒಂದು ತೊಲ, 11.66 ಗ್ರಾಂ. ಸವೆದರೂ ಸ್ವಲ್ಪ ಕಡಿಮೆ ಬರಬಹುದೇ ವಿನಾ ಎರಡು ಗ್ರಾಂ ಹೋಗುವುದಿಲ್ಲ. ಆಮೇಲೆ ಅಂಚು ತೋರಿಸಿದರು. ಟಂಕಸಾಲೆಯಲ್ಲಿ ಅಚ್ಚು ಹೊಡೆದ ರೂಪಾಯಿಯ ಅಂಚಿನ ಗೀರು ಸುತ್ತಲೂ ಒಂದೇ ಸಮ ಇರುತ್ತದೆ. ಇದರಲ್ಲಿ ಅಲ್ಲಲ್ಲಿ ಗೀರು ಕೂಡಿಕೊಂಡಿತ್ತು, ನಡುವೆ ಒಂದು ಕಡೆ ಅಚ್ಚಿನ ಎರಡು ಹೋಳು ಸೇರಿದ ಕೂಡು ಗೆರೆ. "ಇದು ಎರಕ ಹೊಯ್ದದ್ದು. ಬೆಳ್ಳಿಯೂ ಅಲ್ಲ, ಜರ್ಮನ್ ಸಿಲ್ವರ್" ಅಂದರು. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಜರ್ಮನ್ ಸಿಲ್ವರ್‌ನಲ್ಲಿ ಸಿಲ್ವರ್ ಚೂರೂ ಇರುವುದಿಲ್ಲ. ತಾಮ್ರ, ನಿಕ್ಕಲ್, ಸತುವು ಅಷ್ಟೇ.

ಐದರಲ್ಲಿ ಮೂರು ಹೀಗೆ ಬದಲಾಗಿತ್ತು. ಉಳಿದ ಎರಡು ನಮ್ಮದೇ, ಆದರೆ ಹಿಂದಿನಿಂದ ಬೆಸುಗೆ ಹಾಕಿ, ಬಫ್ ಕೊಟ್ಟು ಉಜ್ಜಿದ್ದಾರೆ. ಹಳೇ ನಾಣ್ಯಕ್ಕೆ ಸಂಗ್ರಹಕಾರರು ಕೊಡುವ ಬೆಲೆ ಅದರ ಮೂಲ ಮೈಗೆ, ಹೊಳಪಿಗಲ್ಲ. ಉಜ್ಜಿದ ನಾಣ್ಯ, ಬೆಸುಗೆ ಬಿದ್ದ ನಾಣ್ಯ ಅವರ ಲೆಕ್ಕದಲ್ಲಿ ಹಾಳಾದ ನಾಣ್ಯ. ಪದಕವೂ ಹಾಗೆಯೇ. ಅಂಚಿನ ಹೆಸರು ಅಳಿಸಿದ ಪದಕವನ್ನು ಅವರು ಕೈಯಲ್ಲಿ ಹಿಡಿಯುವುದೂ ಕಷ್ಟ. ನಮಗೆ ಮಾರುವ ಯೋಚನೆ ಯಾವತ್ತೂ ಇರಲಿಲ್ಲ, ಆ ಮಾತು ಬೇರೆ.

ಈಗ ಆ ಸ್ಟಾಲಿನಲ್ಲಿ ಮಾರಾಟಕ್ಕಿದ್ದ ಸಾಮಾನಿನ ಬಗ್ಗೆ. ಇದು ಅವರೊಬ್ಬರದ್ದಲ್ಲ, ಆನ್‌ಲೈನ್‌ನಲ್ಲೂ ಇದೇ ಸರಕು ಓಡುತ್ತದೆ. 1947ರ ಹುಲಿ ಇರುವ ರೂಪಾಯಿಯನ್ನು 'ಸ್ವಾತಂತ್ರ್ಯ ವರ್ಷದ ಬೆಳ್ಳಿ ನಾಣ್ಯ' ಅಂತ ಲಾಕೆಟ್ ಮಾಡಿ ಬೆಳ್ಳಿ ರೇಟಿಗೆ ಮಾರುತ್ತಾರೆ. ಆ ನಾಣ್ಯ ಅಸಲಿಯೇ ಇರಬಹುದು, ಆದರೆ ಅದು ಬೆಳ್ಳಿಯಲ್ಲ, ನಿಕ್ಕಲ್. ಮನೆಯ ಫ್ರಿಡ್ಜಿನ ಮೇಲೆ ಅಂಟಿಸುವ ಅಯಸ್ಕಾಂತ ಹಿಡಿದರೆ ಸಾಕು, ಟಕ್ ಅಂತ ಅಂಟುತ್ತದೆ. ಬೆಳ್ಳಿ ಅಂಟುವುದಿಲ್ಲ. 1940ರಿಂದ 45ರ ವರೆಗಿನ ಆರನೇ ಜಾರ್ಜ್ ರೂಪಾಯಿಯಲ್ಲಿ ಬೆಳ್ಳಿ ಅರ್ಧ ಮಾತ್ರ. ವಿಕ್ಟೋರಿಯಾ, ಎಡ್ವರ್ಡ್, ಐದನೇ ಜಾರ್ಜ್ ರೂಪಾಯಿಗಳಲ್ಲಿ ನೂರಕ್ಕೆ 91.7 ಪಾಲು. 925 ಅಂದರೆ ನೂರಕ್ಕೆ 92.5 ಪಾಲು ಬೆಳ್ಳಿ ಅನ್ನುವ ಗುರುತು. ಹಾಗಾಗಿ ನಾಣ್ಯದ ಮೈಮೇಲೆಯೇ 925 ಅಂತ ಒತ್ತಿದ್ದರೆ ಅದು ಹಳೇ ರೂಪಾಯಿ ಅಂತ ನಂಬಬೇಡಿ. ಸುತ್ತಿನ ರಿಂಗ್‌ನಲ್ಲಿ 925 ಇದ್ದರೆ ತೊಂದರೆ ಇಲ್ಲ, ಅದು ರಿಂಗ್‌ನ ಲೆಕ್ಕ.

ಮತ್ತೊಂದು, ಹನುಮಂತ ಇರುವ ತಾಮ್ರದ ಬಿಲ್ಲೆ. '1818, ಈಸ್ಟ್ ಇಂಡಿಯಾ ಕಂಪನಿ, ಹಾಫ್ ಆಣೆ' ಅಂತ ಬರೆದಿರುತ್ತದೆ. ಕಂಪನಿ ಅಂಥ ನಾಣ್ಯ ಹೊರಡಿಸಿಯೇ ಇಲ್ಲ. ದೇವರ ಬಿಲ್ಲೆ ಅಂತ ಕಟ್ಟಿಕೊಳ್ಳುವುದಾದರೆ ಕಟ್ಟಿಕೊಳ್ಳಿ, ನನ್ನದೇನೂ ತಕರಾರಿಲ್ಲ, ಆದರೆ ಸಾವಿರಗಟ್ಟಲೆ ಕೊಡಬೇಡಿ. ಬೇಕಲ ಕೋಟೆಯಲ್ಲಿ ಸಿಕ್ಕಿದ ಇಕ್ಕೇರಿ ವರಾಹದ, ಅಂದರೆ ಹಳೇ ಚಿನ್ನದ ನಾಣ್ಯದ, ಉಂಗುರ ಅಂತ ಒಂದನ್ನು ಗುಟ್ಟಾಗಿ ಬೇರೆ ತೋರಿಸಿದರು. ಬೇಕಲ ಕೋಟೆ ಇಕ್ಕೇರಿ ನಾಯಕರು ಕಟ್ಟಿಸಿದ್ದು ಅಂತ ನಮ್ಮೂರಿನ ಶಾಲೆ ಮಕ್ಕಳಿಗೂ ಗೊತ್ತು, ಆ ಧೈರ್ಯದಲ್ಲೇ ಕಥೆ ಕಟ್ಟುತ್ತಾರೆ. ಸ್ವಲ್ಪ ಯೋಚಿಸಿ. ಅದು ಸುಳ್ಳಾದರೆ ಗಿಲೀಟಿನ ಉಂಗುರ. ನಿಜವಾದರೆ, ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಕೋಟೆಯಿಂದ ಕದ್ದ ಮಾಲು. ಎರಡೂ ನಮಗೆ ಬೇಡ.

ಈಗಿನ ಹತ್ತು ರೂಪಾಯಿ ನಾಣ್ಯವನ್ನು ಕೊರೆದು ಉಂಗುರ ಮಾಡಿಕೊಡುವವರೂ ಇದ್ದಾರೆ. 2011ರ ನಾಣ್ಯ ಕಾಯ್ದೆಯ ಪ್ರಕಾರ ಚಾಲ್ತಿ ನಾಣ್ಯ ಕರಗಿಸುವುದು, ಹಾಳು ಮಾಡುವುದು ಅಪರಾಧ, ಏಳು ವರ್ಷದವರೆಗೆ ಜೈಲು ಇದೆ. ವೈಷ್ಣೋದೇವಿ ಚಿತ್ರದ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ, ಮೊದಲು ರಿಸರ್ವ್ ಬ್ಯಾಂಕಿನ ಟ್ಯಾಕ್ಸ್ ಕಟ್ಟಿ ಅನ್ನುವ ಫೋನ್ ಬಂದರೆ ಸುಮ್ನೆ ಕಟ್ ಮಾಡಿ. ಹಳೇ ನೋಟು, ನಾಣ್ಯದ ವ್ಯವಹಾರ ನಾವು ಮಾಡುವುದಿಲ್ಲ, ಯಾರಿಂದಲೂ ಕಮಿಷನ್ ಕೇಳುವುದಿಲ್ಲ ಅಂತ ರಿಸರ್ವ್ ಬ್ಯಾಂಕೇ 2021ರಲ್ಲಿ ಹೇಳಿದೆ.

ಪವನು ಇದ್ದವರು ಇನ್ನೂ ಜಾಸ್ತಿ ಜಾಗ್ರತೆ ಮಾಡಿ. ಕುದುರೆ ಸವಾರ ಇರುವ ಇಂಗ್ಲಿಷ್ ಪವನು 22 ಕ್ಯಾರೆಟ್, ತೂಕ 7.98 ಗ್ರಾಂ. ಅಂಗಡಿಯವರು ಪವನು ಅನ್ನುವುದು ಎಂಟು ಗ್ರಾಂ ಲೆಕ್ಕಕ್ಕೆ. ಕೊಂಡಿ ಬೆಸುಗೆ ಹಾಕಿದ ಪವನು ಎಂಟೂವರೆ ತೂಗಿದರೆ ಖುಷಿಪಡಬೇಡಿ, ಬೆಸುಗೆಯ ಚಿನ್ನ ಕಡಿಮೆ ಕ್ಯಾರೆಟ್‌ನದು, ಮಾರುವಾಗ ಕಳೆಯುತ್ತಾರೆ. ಹೊಸ ಕಾಸಿನ ಸರದಲ್ಲಿರುವ ಲಕ್ಷ್ಮಿ ಕಾಸು ನಾಣ್ಯವೇ ಅಲ್ಲ, ತಗಡಿನ ಮೇಲೆ ಒತ್ತಿದ ಬಿಲ್ಲೆ. ತಪ್ಪೇನಿಲ್ಲ, ಚಂದ ಕಾಣುತ್ತದೆ. ಆದರೆ 'ಆಂಟಿಕ್ ಕಾಯಿನ್' ಅಂತ ಹೆಚ್ಚು ಕೂಲಿ ಕೇಳಿದರೆ ಕೊಡಬೇಡಿ. ಹೊಸ ಚಿನ್ನದ ಒಡವೆಯಾದರೆ ಆರು ಅಕ್ಷರ, ಅಂಕಿಯ ಎಚ್‌ಯುಐಡಿ (ಹಾಲ್‌ಮಾರ್ಕ್ ಗುರುತಿನ ಸಂಖ್ಯೆ) ಇರಲೇಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅಂಗಡಿಯಲ್ಲೇ ನಿಂತು ಹಾಕಿ ನೋಡಿ.

ಇಷ್ಟೆಲ್ಲ ಆದ ಮೇಲೂ ನಾಣ್ಯದ ಲಾಕೆಟ್ ಮಾಡಿಸಲೇಬೇಡಿ ಅಂತ ನಾನು ಹೇಳುವುದಿಲ್ಲ. ಊರಿನ ಆಚಾರಿಯ ಹತ್ತಿರ ಹೋಗಿ. ನಾಣ್ಯ ಕೊಡಬೇಡಿ, ಅಳತೆ ಕೊಡಿ. ಅವರು ನಾಣ್ಯದ ಅಂಚು ಹಿಡಿದುಕೊಳ್ಳುವ ನಾಲ್ಕು ಉಗುರಿನ ರಿಂಗ್ ಮಾಡಿಟ್ಟ ಮೇಲೆ ನಾಣ್ಯ ಒಯ್ದು ಎದುರಿಗೇ ಕೂರಿಸಿಕೊಂಡು ಬನ್ನಿ. ಬೆಸುಗೆ ಬೇಡ, ತೂತು ಬೇಡ, ಬೇಕೆಂದಾಗ ಉಗುರು ಎತ್ತಿ ನಾಣ್ಯ ಹೊರಗೆ ತೆಗೆಯಬಹುದು. ನಮ್ಮ ಆಚಾರಿ ಇದಕ್ಕೆ ಕೇಳಿದ ಕೂಲಿ ಸ್ಟಾಲಿನವರ ರೇಟಿನ ಅರ್ಧವೂ ಇರಲಿಲ್ಲ. ಪದಕಕ್ಕಂತೂ ಯಾರ ಕೈಯೂ ತಾಗುವುದು ಬೇಡ. ಗಾಜಿನ ಪೆಟ್ಟಿಗೆ ಫೋಟೊ ಫ್ರೇಮ್ ಹಾಕುವ ಅಂಗಡಿಯಲ್ಲೇ ಸಿಗುತ್ತದೆ, ರಿಬ್ಬನ್ ಪಿನ್ ಮಾಡಿ ನೀವೇ ಕೂರಿಸಿ. ಪಾಲಿಶ್ ಅನ್ನುವ ಮಾತೇ ಎತ್ತಬೇಡಿ. ಎಲ್ಲಿಗಾದರೂ ಕೊಡಲೇಬೇಕಾಗಿ ಬಂದರೆ ಎರಡೂ ಮುಖ ಮತ್ತು ಅಂಚಿನ ಫೋಟೊ ತೆಗೆದಿಟ್ಟು, ಇಸವಿ, ತೂಕ ಬರೆಸಿ, ಸಹಿ ಹಾಕಿಸಿ. ಹೊಸ ನಾಣ್ಯವೇ ಉಡುಗೊರೆಗೆ ಸಾಕು ಅನ್ನುವವರಿಗೆ ಸರಕಾರದ ಟಂಕಸಾಲೆಯೇ ಸ್ಮರಣಾರ್ಥ ನಾಣ್ಯಗಳನ್ನು ಪೆಟ್ಟಿಗೆಯಲ್ಲಿಟ್ಟು ಮಾರುತ್ತದೆ.

ನಮ್ಮ ಕೇಸಿನ ಕಥೆ ಇಷ್ಟು. ಗಲಾಟೆ ಮಾಡಿದ ಮೇಲೆ ಕೂಲಿಯ ದುಡ್ಡು ವಾಪಸ್ ಬಂತು. ನಾಣ್ಯದ ಬಗ್ಗೆ, "ನೀವು ಕೊಟ್ಟದ್ದೇ ಅದು" ಅನ್ನುತ್ತಿದ್ದಾರೆ. 1915ಕ್ಕೆ, ಅದು ಗ್ರಾಹಕ ಸಹಾಯವಾಣಿ, ಫೋನ್ ಮಾಡಿ ದೂರು ಬರೆಸಿದೆವು. ಈಗ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಿದ್ದೇವೆ. ಮಾರಿದವರು ಎಲ್ಲಿಯವರಾದರೂ ನಾವು ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ವಕೀಲರು ಬೇಕೇಬೇಕು ಅಂತಿಲ್ಲ, ಎರಡು ವರ್ಷದೊಳಗೆ ಕೊಡಬೇಕು. ತಮ್ಮನ ಆ ಫೋಟೊ, ಆಚಾರಿ ತೂಕ ಬರೆದುಕೊಟ್ಟ ಚೀಟಿ, ವಾಟ್ಸಾಪ್ ಮಾತುಕತೆ ಎಲ್ಲ ಸೇರಿಸಿದ್ದೇವೆ.

ಇನ್ನು ಒಂದು ಸಹಾಯ ಬೇಕು. ಗುಳಿ ಇರುವ ಆ ಎರಡು ನಕಲಿ ರೂಪಾಯಿ ಎರಕ ಹೊಯ್ದ ಅಚ್ಚು ಒಂದೇ ಆದರೆ ಅದರಿಂದ ತೆಗೆದದ್ದು ಎರಡೇ ಇರುವುದಿಲ್ಲ. ಇತ್ತೀಚೆಗೆ ಈ ಕಡೆಯ ಯಾವುದಾದರೂ ಸ್ಟಾಲಿನಲ್ಲಿ ವಿಕ್ಟೋರಿಯಾ ಲಾಕೆಟ್ ಕೊಂಡಿದ್ದರೆ ಅಥವಾ ಮಾಡಿಸಿದ್ದರೆ ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಇಸವಿ 1901 ಇದ್ದು, ಕಿರೀಟದ ಮೇಲೆ ಎಡಕ್ಕೆ ಆ ಸಣ್ಣ ಗುಳಿ ಕಂಡರೆ, ಬಿಲ್ಲು ಬಿಸಾಡಬೇಡಿ, ಫೋಟೊ ತೆಗೆದು ನನಗೆ ಕಳಿಸಿ. ಆಯೋಗದ ಮುಂದೆ ಇಡುತ್ತೇವೆ.