ಎರಡು ಕಚೇರಿ ಜೋಡಿಸುವ ವಿಪಿಎನ್: ರೌಟರ್ ಕೊಳ್ಳುವ ಮೊದಲೇ ನೋಡಬೇಕಾದದ್ದು

ಹುಬ್ಬಳ್ಳಿಯಲ್ಲಿ ಕಚೇರಿ, ಹಾವೇರಿಯಲ್ಲಿ ಗೋದಾಮು, ಒಟ್ಟು 11 ಕಂಪ್ಯೂಟರ್. ಎರಡೂ ಕಡೆಯವರಿಗೆ ಒಂದೇ ಟ್ಯಾಲಿ (ಲೆಕ್ಕದ ತಂತ್ರಾಂಶ) ಕಾಣಬೇಕು, ಖರ್ಚು 10,000 ರೂಪಾಯಿ ಮೀರಬಾರದು. ಹಿಡಿದ ದಾರಿ ವಿಪಿಎನ್, ಅಂದರೆ ಎರಡು ಕಡೆಯ ಜಾಲಗಳನ್ನು ಇಂಟರ್ನೆಟ್ ಮೂಲಕವೇ ಜೋಡಿಸುವ ಗುಟ್ಟಿನ ಸುರಂಗ (ಟನಲ್). ಈ ಜೋಡಣೆ ಮುಗಿದದ್ದು ಲೆಕ್ಕದ ಫೈಲುಗಳೆಲ್ಲ ರ್‍ಯಾನ್ಸಮ್‌ವೇರ್‌ಗೆ (ಫೈಲು ಲಾಕ್ ಮಾಡಿ ಹಣ ಕೇಳುವ ದುಷ್ಟ ತಂತ್ರಾಂಶ) ಸಿಕ್ಕಿ ಲಾಕ್ ಆಗುವುದರಲ್ಲಿ. ದಾರಿ ತಪ್ಪಿದ್ದು ಎಲ್ಲೆಲ್ಲಿ ಎಂಬುದನ್ನು ಕ್ರಮವಾಗಿ ಬರೆಯುತ್ತೇವೆ. ಇದೇ ಕೆಲಸ ಅಗ್ಗದಲ್ಲಿ ಮುಗಿಸಲು ಹೊರಟವರು ದಯವಿಟ್ಟು ಓದಿ.

ಮೊದಲು ಎರಡು ರೌಟರ್ ಕೊಂಡರು, ಆಮೇಲೆ ಇಂಟರ್ನೆಟ್ ಸಂಪರ್ಕ ಎಂಥದ್ದೆಂದು ನೋಡಿದರು. ಇದು ತಿರುವುಮುರುವು. ರೌಟರ್‌ನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ (ಇಂಟರ್ನೆಟ್ ಕಡೆಯ ವಿಳಾಸ) ಏನಿದೆ ನೋಡಿ, ಅದೇ ಕಂಪ್ಯೂಟರ್‌ನಿಂದ ಹೊರಗಿನ ಯಾವುದಾದರೂ ಐಪಿ ತೋರಿಸುವ ತಾಣ ತೆರೆಯಿರಿ. ಎರಡೂ ಬೇರೆ ಬೇರೆ ಬಂದರೆ, ಅದರಲ್ಲೂ ರೌಟರ್‌ನಲ್ಲಿ 100.64ರಿಂದ 100.127ರವರೆಗಿನದೋ 10ರಿಂದ ಶುರುವಾಗುವುದೋ ಕಂಡರೆ, ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ಅಂದರೆ ಒಂದೇ ಪಬ್ಲಿಕ್ ಐಪಿಯನ್ನು ಇಂಟರ್ನೆಟ್ ಕಂಪನಿ ಹಲವು ಗ್ರಾಹಕರಿಗೆ ಹಂಚಿರುತ್ತದೆ. ನಿಮ್ಮ ರೌಟರ್‌ನಲ್ಲಿ ಎಷ್ಟೇ ಪೋರ್ಟ್ ಫಾರ್ವರ್ಡ್ ಮಾಡಿದರೂ (ಹೊರಗಿನ ಕರೆಯನ್ನು ಒಳಗಿನ ಕಂಪ್ಯೂಟರ್‌ಗೆ ತಿರುಗಿಸಿದರೂ) ಹೊರಗಿನಿಂದ ಯಾರೂ ಒಳಗೆ ಬರಲಾರರು. ಇಲ್ಲಿ ಎರಡೂ ಊರಲ್ಲಿ ಇದೇ ಸ್ಥಿತಿ. ವಾರವೆಲ್ಲ ಸೆಟ್ಟಿಂಗ್ ತಿದ್ದುವುದರಲ್ಲೇ ಹೋಯಿತು. ಒಂದು ಕಡೆ ಮಾತ್ರ ಸ್ಟ್ಯಾಟಿಕ್ ಐಪಿ (ಬದಲಾಗದ ಸ್ವಂತ ಪಬ್ಲಿಕ್ ವಿಳಾಸ) ತೆಗೆದುಕೊಂಡರೆ ಸಾಕು, ಇನ್ನೊಂದು ಕಡೆಯ ರೌಟರ್ ತಾನಾಗಿ ಕರೆ ಮಾಡುತ್ತದೆ. ಅದೂ ಸಿಗದಿದ್ದರೆ ಒಂದು ಸಣ್ಣ ವಿಪಿಎಸ್ (ಇಂಟರ್ನೆಟ್‌ನಲ್ಲಿ ಸಿಗುವ ವರ್ಚುವಲ್ ಸರ್ವರ್) ಬಾಡಿಗೆಗೆ ಹಿಡಿದು ಎರಡೂ ಕಡೆಯಿಂದ ಅದಕ್ಕೆ ಟನಲ್ ಕಟ್ಟಬಹುದು.

ಎರಡೂ ಕಡೆ 192.168.1.0 ಜಾಲವನ್ನೇ ಇಟ್ಟುಕೊಂಡಿದ್ದು ಮುಂದಿನ ತೊಡಕು. ಗೋದಾಮಿನ ಕಂಪ್ಯೂಟರ್ 192.168.1.50ನ್ನು ಕೇಳಿದರೆ ತನ್ನ ಕೋಣೆಯಲ್ಲೇ ಹುಡುಕುತ್ತದೆ, ಟನಲ್ ಕಡೆ ತಿರುಗಿಯೂ ನೋಡುವುದಿಲ್ಲ. ಒಂದನ್ನು 192.168.20.0, ಇನ್ನೊಂದನ್ನು 192.168.30.0 ಮಾಡಿ. ಕೈಯಾರೆ ಐಪಿ ಕೊಟ್ಟಿರುವ ಪ್ರಿಂಟರ್, ಸಿಸಿಟಿವಿ ಡಿವಿಆರ್, ಬಯೋಮೆಟ್ರಿಕ್ ಹಾಜರಿ ಯಂತ್ರಗಳನ್ನು ಮೊದಲೇ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಬದಲಾಯಿಸಿದ ದಿನ ಅವೇ ಕಾಣೆಯಾಗುವುದು.

ಮನೆಯಲ್ಲಿದ್ದ ಹಳೇ ರೌಟರ್‌ನಲ್ಲಿ ಪಿಪಿಟಿಪಿ (ಹಳೇ ಬಗೆಯ ವಿಪಿಎನ್) ಇದೆ, ಅದೇ ಸಾಕು ಎಂಬ ಸಲಹೆಯೂ ಬಂದಿತ್ತು. ಬೇಡವೇ ಬೇಡ. ಅದರ ಪಾಸ್‌ವರ್ಡ್ ಪರೀಕ್ಷೆಯನ್ನು 56 ಬಿಟ್‌ನ ಒಂದು ಡಿಇಎಸ್ (ಹಳೇ ಗೂಢಲಿಪಿ ವಿಧಾನ) ಕೀ ಒಡೆಯುವ ಮಟ್ಟಕ್ಕೆ ಇಳಿಸಬಹುದೆಂದು 2012ರಲ್ಲೇ ತೋರಿಸಿಕೊಟ್ಟಿದ್ದಾರೆ. ವೈರ್‌ಗಾರ್ಡ್ ಎಂಬ ಹೊಸ ಬಗೆಯ ವಿಪಿಎನ್ ಇರುವ ರೌಟರ್ ನೋಡಿ. ಮೈಕ್ರೋಟಿಕ್ ಕಂಪನಿಯ ರೌಟರ್ ಆದರೆ ಅದರ ತಂತ್ರಾಂಶ ರೌಟರ್‌ಓಎಸ್ 7 ಬೇಕು, 6ರಲ್ಲಿ ವೈರ್‌ಗಾರ್ಡ್ ಇಲ್ಲ.

ಟನಲ್ ಕೊನೆಗೂ ಕೆಲಸ ಮಾಡತೊಡಗಿತು. ನಿಜವಾದ ತಪ್ಪು ಆದದ್ದು ಆಮೇಲೆ. ಟ್ಯಾಲಿಯ ಡೇಟಾ ಫೋಲ್ಡರನ್ನು ಷೇರ್ ಮಾಡಿ ಗೋದಾಮಿನಿಂದ ಟನಲ್ ಮೂಲಕ ತೆರೆದರು. ಕಚೇರಿಯೊಳಗೆ ಕ್ಷಣದಲ್ಲಿ ಬರುತ್ತಿದ್ದ ವರದಿಗೆ ಇಲ್ಲಿ ನಿಮಿಷಗಟ್ಟಲೆ ಕಾಯಬೇಕಾಯಿತು. ಬ್ಯಾಂಡ್‌ವಿಡ್ತ್ ಹೆಚ್ಚಿಸಿದರೂ ಇದು ಹೋಗುವುದಿಲ್ಲ. ಲೆಕ್ಕ ಹಾಕಿ ನೋಡಿ: ಒಂದು ವರದಿಗೆ 10,000 ಸಲ ಕೇಳಿ ಉತ್ತರ ಪಡೆಯಬೇಕಿದ್ದರೆ, ಒಳಜಾಲದಲ್ಲಿ ತಲಾ ಅರ್ಧ ಮಿಲಿಸೆಕೆಂಡಿನಂತೆ 5 ಸೆಕೆಂಡು, ಟನಲ್‌ನಲ್ಲಿ ತಲಾ 30 ಮಿಲಿಸೆಕೆಂಡಿನಂತೆ 300 ಸೆಕೆಂಡು. ಬರೆಯುವ ಹೊತ್ತಿಗೆ ಸಂಪರ್ಕ ಕಡಿದರೆ ಡೇಟಾ ಕೆಡುವ ಭಯ ಬೇರೆ. ಡೇಟಾ ಇರುವಲ್ಲೇ ಟ್ಯಾಲಿ ನಡೆಯಬೇಕು, ಟನಲ್ ಒಳಗಿಂದ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಪರದೆ ಮಾತ್ರ ನೋಡಬೇಕು. ವಿಂಡೋಸ್ ಹೋಮ್‌ನಲ್ಲಿ ಆ ಸೌಲಭ್ಯವಿಲ್ಲ. ಪ್ರೋದಲ್ಲಿ ಒಬ್ಬರು ಬಂದರೆ ಅಲ್ಲಿ ಕೂತವರ ಪರದೆ ಲಾಕ್ ಆಗುತ್ತದೆ. ಒಟ್ಟಿಗೆ ಮೂವರು ಬೇಕೆಂದರೆ ವಿಂಡೋಸ್ ಸರ್ವರ್ ಮತ್ತು ತಲಾ ಲೈಸೆನ್ಸು ಬೇಕು. 10,000ದ ಬಜೆಟ್ ಮುರಿಯುವುದು ಇಲ್ಲೇ, ರೌಟರ್‌ನಲ್ಲಲ್ಲ.

ಕಾದು ಬೇಸತ್ತು, "ಸದ್ಯಕ್ಕೆ" ಎಂದುಕೊಂಡು ಕಚೇರಿ ರೌಟರ್‌ನಲ್ಲಿ ರಿಮೋಟ್ ಡೆಸ್ಕ್‌ಟಾಪ್ ಬಳಸುವ 3389 ಪೋರ್ಟನ್ನು ಇಂಟರ್ನೆಟ್‌ಗೆ ನೇರವಾಗಿ ತೆರೆದುಬಿಟ್ಟರು. ಟನಲ್‌ಗಾಗಿ ತೆಗೆದುಕೊಂಡ ಸ್ಟ್ಯಾಟಿಕ್ ಐಪಿಯೇ ಇದಕ್ಕೆ ಅನುಕೂಲ ಮಾಡಿಕೊಟ್ಟಿತು. ತೆರೆದ 3389 ಹುಡುಕುತ್ತ ಪಾಸ್‌ವರ್ಡ್ ಊಹಿಸುವ ಯಂತ್ರಗಳು ಹಗಲುರಾತ್ರಿ ಓಡುತ್ತಲೇ ಇರುತ್ತವೆ. ಪೋರ್ಟ್ ಸಂಖ್ಯೆ ಬದಲಿಸಿದರೂ ಹುಡುಕಿ ಬರುತ್ತವೆ. ಫೈಲು ಲಾಕ್ ಮಾಡಿದವರು ಒಳಗೆ ಬಂದದ್ದು ಈ ದಾರಿಯಲ್ಲೇ. ಬ್ಯಾಕಪ್ ಡಿಸ್ಕ್ ಅದೇ ಕಂಪ್ಯೂಟರ್‌ಗೆ ಸದಾ ಸಿಕ್ಕಿಸಿಟ್ಟಿದ್ದರಿಂದ ಅದೂ ಲಾಕ್ ಆಯಿತು. 3389 ತೆರೆದುಕೊಂಡವರು ಇದನ್ನು ಓದುತ್ತಿದ್ದರೆ, ಈಗಲೇ ಎದ್ದು ಮುಚ್ಚಿ.

ಈಗ ವೈರ್‌ಗಾರ್ಡ್ ಹಾಕುವವರು ಎಡವುವ ಕೆಲವು ಜಾಗಗಳು. ಸ್ಟ್ಯಾಟಿಕ್ ಐಪಿ ಇರುವ ಕಡೆ ವೈರ್‌ಗಾರ್ಡ್ ಬಳಸುವ ಯುಡಿಪಿ ಪೋರ್ಟ್ 51820 ಒಂದನ್ನೇ ತೆರೆಯಿರಿ. ಸಿಜಿನ್ಯಾಟ್ ಹಿಂದಿನ ಕಡೆ ಪರ್ಸಿಸ್ಟೆಂಟ್ ಕೀಪ್‌ಅಲೈವ್ 25 ಇಡಿ (25 ಸೆಕೆಂಡಿಗೊಮ್ಮೆ ಒಂದು ಸಣ್ಣ ಸಂದೇಶ ಹೋಗುತ್ತದೆ), ಇಲ್ಲದಿದ್ದರೆ ಸುಮ್ಮನಿದ್ದಾಗ ದಾರಿ ಮುಚ್ಚಿಹೋಗುತ್ತದೆ. ಅಲೌಡ್ ಐಪಿಯಲ್ಲಿ (ಟನಲ್ ಮೂಲಕ ಹೋಗಬೇಕಾದ ವಿಳಾಸಗಳ ಪಟ್ಟಿಯಲ್ಲಿ) ಎದುರು ಕಡೆಯ ಜಾಲವನ್ನು ಮತ್ತು ಟನಲ್ ವಿಳಾಸವನ್ನು ಮಾತ್ರ ಬರೆಯಿರಿ, 0.0.0.0/0 (ಎಲ್ಲ ವಿಳಾಸ) ಬರೆದರೆ ಗೋದಾಮಿನವರ ಯೂಟ್ಯೂಬ್ ಕೂಡ ಹುಬ್ಬಳ್ಳಿಯ ಅಪ್‌ಲೋಡ್ ಮೇಲೆಯೇ ಸವಾರಿ ಮಾಡುತ್ತದೆ. ಪಿಂಗ್ ಬರುತ್ತದೆ, ದೊಡ್ಡ ಫೈಲ್ ಮಾತ್ರ ನಿಂತುಬಿಡುತ್ತದೆ ಎಂದಾದರೆ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ, ಬೈಟುಗಳಲ್ಲಿ) ನೋಡಿ. ಪಿಪಿಪಿಓಇ (ಹೆಸರು, ಪಾಸ್‌ವರ್ಡ್ ಕೊಟ್ಟು ಲಾಗಿನ್ ಆಗುವ) ಸಂಪರ್ಕದಲ್ಲಿ 1500ರ ಬದಲು 1492 ಸಿಗುತ್ತದೆ. ವೈರ್‌ಗಾರ್ಡ್ ಐಪಿವಿ4 ಮೇಲೆ 60 ಬೈಟು, ಐಪಿವಿ6 ಮೇಲೆ 80 ಬೈಟು ತಿನ್ನುತ್ತದೆ. ಆದ್ದರಿಂದ ಸಾಮಾನ್ಯ 1420 ಐಪಿವಿ4ಗೆ ಸಾಕು, ಐಪಿವಿ6 ಆದರೆ 1412ಕ್ಕೆ ಇಳಿಸಬೇಕು.

ಪ್ರಿಂಟರ್ ಸಿಗುತ್ತದೆ, ವಿಂಡೋಸ್ ಕಂಪ್ಯೂಟರ್ ಸಿಗುತ್ತಿಲ್ಲ ಎಂದರೆ ಅದರ ಫೈರ್‌ವಾಲ್ ಎದುರು ಜಾಲವನ್ನು ಹೊರಗಿನದೆಂದು ತಡೆದಿದೆ. ಫೈರ್‌ವಾಲ್‌ನ ಅನುಮತಿ ನಿಯಮದ ಸ್ಕೋಪ್‌ನಲ್ಲಿ (ಯಾವ ವಿಳಾಸಗಳಿಗೆ ಎಂಬ ಪಟ್ಟಿಯಲ್ಲಿ) ಎದುರು ಜಾಲವನ್ನು ಸೇರಿಸಿ. ಫೈರ್‌ವಾಲನ್ನೇ ಆಫ್ ಮಾಡಬೇಡಿ.

ಕರೆಂಟಿನ ವಿಷಯ ಬಹಳ ಜನಕ್ಕೆ ಹೊಳೆಯುವುದಿಲ್ಲ. ರಾಸ್ಪ್‌ಬೆರಿ ಪೈ 4ರಂಥ ಪುಟ್ಟ ಕಂಪ್ಯೂಟರ್‌ಗಳಲ್ಲಿ ಗಡಿಯಾರದ ಬ್ಯಾಟರಿ ಇರುವುದಿಲ್ಲ. ಕರೆಂಟು ಹೋಗಿ ಬಂದಾಗ ಸಮಯ ಹಿಂದಕ್ಕೆ ಸರಿದಿದ್ದರೆ, ವೈರ್‌ಗಾರ್ಡ್‌ನ ಎದುರು ತುದಿ ಆ ಹ್ಯಾಂಡ್‌ಶೇಕನ್ನು (ಸಂಪರ್ಕ ಶುರು ಮಾಡುವ ಸಂದೇಶವನ್ನು) ಹಳೆಯದೆಂದು ತಿರಸ್ಕರಿಸುತ್ತದೆ. ಆದ್ದರಿಂದ ಎನ್‌ಟಿಪಿ (ಗಡಿಯಾರ ಸರಿಪಡಿಸುವ ಸೇವೆ) ಟನಲ್ ಮೂಲಕ ಹೋಗದೆ ನೇರ ಇಂಟರ್ನೆಟ್‌ನಿಂದಲೇ ಸಮಯ ತರಬೇಕು. ಕೆಲಸ ಒಪ್ಪಿಸಿಕೊಳ್ಳುವ ದಿನ ಎರಡೂ ಕಡೆ ಮೇನ್ ಸ್ವಿಚ್ ಆರಿಸಿ, ಐದು ನಿಮಿಷ ಬಿಟ್ಟು ಹಾಕಿಸಿ. ಯಾರೂ ಏನನ್ನೂ ಮುಟ್ಟದೆ ಟನಲ್ ತಾನಾಗಿ ಎದ್ದರೆ ಮಾತ್ರ ಬಾಕಿ ಹಣ ಕೊಡಿ.