ಮೂರು ಯಂತ್ರ ಬಂದವು, ಬ್ಯಾಂಡ್‌ಸಾ ಉಳಿಯಿತು

ಮನೆಯ ಹಿತ್ತಲಲ್ಲಿ ಕಬ್ಬಿಣ ಕತ್ತರಿಸುವವರು ನನ್ನನ್ನು ಕೇಳಿದರೆ ಎರಡು ಮಾತಿಲ್ಲ, ನಾಲ್ಕು ಇಂಚು ಎತ್ತರ, ಆರು ಇಂಚು ಅಗಲದವರೆಗೆ ಕತ್ತರಿಸುವ ಅಡ್ಡ ಬ್ಯಾಂಡ್‌ಸಾ ತೆಗೆದುಕೊಳ್ಳಿ ಎನ್ನುತ್ತೇನೆ. ಬಳೆಯಂತೆ ಬೆಸೆದ ಹಲ್ಲಿನ ಪಟ್ಟಿ ಸುತ್ತುತ್ತಾ ಮೇಲಿನಿಂದ ಇಳಿದು ಕೊಯ್ಯುವ ಗರಗಸ ಅದು. ಧಾರವಾಡದ ನಮ್ಮ ಮನೆಯ ತಗಡಿನ ಶೆಡ್ಡಿಗೆ ಮೂರು ಬಗೆಯ ಯಂತ್ರಗಳು ಬಂದವು, ಉಳಿದದ್ದು ಇದೊಂದೇ. ನನ್ನದು ಸಣ್ಣ ಕೆಲಸ. ನವಲಗುಂದದ ಕಡೆ ಹೊಲ ಮಾಡುವ ಸೋದರಮಾವನಿಗೆ ಸೈಕಲ್ ಗಾಲಿಯ ಎಡೆಕುಂಟೆ, ಮನೆಗೆ ಹೂಕುಂಡದ ಸ್ಟ್ಯಾಂಡು, ಓಣಿಯವರಿಗೆ ಕಿಟಕಿಯ ಜಾಲರಿ. ವಾರಕ್ಕೆ ಎರಡು ಸಂಜೆ, ಭಾನುವಾರ ಅರ್ಧ ದಿನ.

ಮೊದಲು ಕೊಂಡದ್ದು ಕಲ್ಲಿನ ಚಕ್ರ ತಿರುಗುವ 14 ಇಂಚಿನ ಕಟಿಂಗ್ ಯಂತ್ರ. ಎಲ್ಲ ವೆಲ್ಡಿಂಗ್ ಅಂಗಡಿಗಳಲ್ಲೂ ಅದೇ ಇದೆ, ಬೆಲೆಯೂ ಕಡಿಮೆ, ಆಂಗಲ್, ಅಂದರೆ L ಆಕಾರದ ಕಬ್ಬಿಣದ ಪಟ್ಟಿ, ಕಣ್ಣು ಮಿಟುಕಿಸುವಷ್ಟರಲ್ಲಿ ತುಂಡಾಗುತ್ತದೆ. ರಸ್ತೆಬದಿಯ ಅಂಗಡಿಗೆ ಅದು ಸರಿಯಾದ ಯಂತ್ರ. ಮನೆಯಲ್ಲಿ ಹಾಗಲ್ಲ. ಮೊದಲ ತಿಂಗಳಲ್ಲೇ ಕಿಡಿ ಹಾರಿ ತಂತಿಯ ಮೇಲೆ ಒಣಗುತ್ತಿದ್ದ ಅಮ್ಮನ ಸೀರೆಗೆ ತೂತು ಬಿತ್ತು. ಚಕ್ರ ಸವೆದ ಪುಡಿ ಡ್ರಿಲ್ಲಿಂಗ್ ಯಂತ್ರದ ಮೇಲೆಲ್ಲ ಕೂತಿತು. ಪಕ್ಕದ ಮನೆಯ ಅಜ್ಜಿ ಗೋಡೆಯಾಚೆಯಿಂದ "ತಮ್ಮಾ, ಇನ್ನೂ ಎಷ್ಟು ಹೊತ್ತು ಈ ಸಪ್ಪಳ?" ಎಂದು ಕೇಳಿದರು. ಅದು ಅವರು ಮಲಗುವ ಹೊತ್ತು. ಆ ಮಧ್ಯಾಹ್ನವೇ ಯಂತ್ರ ನಿಲ್ಲಿಸಿದೆ.

ಸಪ್ಪಳಕ್ಕಿಂತ ದೊಡ್ಡ ತೊಂದರೆ ಕಾವಿನದು. ಕುಂಟೆಯ ಅಲಗಿಗೆ ನಾನು ಹಳೆಯ ಲಾರಿಯ ಕಮಾನು ಪಟ್ಟಿ ಬಳಸುತ್ತೇನೆ. ಕೆಂಪಗೆ ಕಾಯಿಸಿ ಬೂದಿಯಲ್ಲಿ ಹೂತು ರಾತ್ರಿಯಿಡೀ ಆರಲು ಬಿಟ್ಟರೆ ಆ ಉಕ್ಕು ಮೆತ್ತಗಾಗುತ್ತದೆ. ಅಷ್ಟೆಲ್ಲ ಮಾಡಿ ಕಲ್ಲಿನ ಚಕ್ರಕ್ಕೆ ಕೊಟ್ಟರೆ ಕತ್ತರಿಸಿದ ಅಂಚು ನೀಲಿಯಾಗಿ ಮತ್ತೆ ಗಡಸಾಗುತ್ತಿತ್ತು. ಅಂಚಿನ ಹತ್ತಿರ ತೂತು ಕೊರೆಯಲು ಹೋದರೆ ಬಿಟ್ ಬರೀ ಉಜ್ಜಿ ಮೊಂಡಾಗುತ್ತಿತ್ತು. ಬ್ಯಾಂಡ್‌ಸಾದಿಂದ ಬಂದ ತುಂಡನ್ನು ಬರಿಗೈಯಲ್ಲಿ ಎತ್ತಿಕೊಳ್ಳಬಹುದು, ಅಷ್ಟು ತಣ್ಣಗಿರುತ್ತದೆ.

ಎರಡನೆಯದು ಕೈಯಲ್ಲಿ ಹಿಡಿಯುವ ಬ್ಯಾಂಡ್‌ಸಾ. ಗೆಳೆಯನೊಬ್ಬನಿಂದ ಮೂರು ತಿಂಗಳು ಎರವಲು ತಂದಿದ್ದೆ. ಹಾಕಿಬಿಟ್ಟ ಪೈಪನ್ನು ಇದ್ದಲ್ಲೇ ಕತ್ತರಿಸಲು ಅದಕ್ಕೆ ಸಾಟಿಯಿಲ್ಲ. ಆದರೆ ತುಂಡು ಬೀಳುವವರೆಗೂ ಹಿಡಿದೇ ನಿಲ್ಲಬೇಕು, ನೇರ ಬರುವುದು ಕೈಯ ಸ್ಥಿರತೆಯ ಮೇಲೆ. ಮರಳಿ ಕೊಟ್ಟೆ.

ಮೂರನೆಯದನ್ನು ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆ, ಬಾಗಿಲು ಹಾಕುತ್ತಿದ್ದ ವರ್ಕ್‌ಶಾಪೊಂದರಲ್ಲಿ 24,000 ರೂಪಾಯಿಗೆ ಕೊಂಡೆ. ಹೊಸದಕ್ಕೆ ನನ್ನಲ್ಲಿ ಹಣವಿರಲಿಲ್ಲ. ತಂದ ವಾರವೇ ಮೂರಿಂಚಿನ ಚೌಕ ಪೈಪಿನಲ್ಲಿ ಮೇಜಿಗೆ ನಾಲ್ಕು ಕಾಲು ಕತ್ತರಿಸಿದೆ. ಮೂಲೆಮಟ್ಟ ಇಟ್ಟು ನೋಡಿದರೆ ಮೇಲಿನಿಂದ ಕೆಳಗೆ ಬರುವಷ್ಟರಲ್ಲಿ ಕೊಯ್ತ ಮೂರು ಮಿಲಿಮೀಟರ್ ಎಡಕ್ಕೆ ಸರಿದಿತ್ತು. ನಾಲ್ಕರಲ್ಲೂ ಅಷ್ಟೇ, ಎಡಕ್ಕೇ.

ಪೈಪನ್ನು ಕಚ್ಚಿ ಹಿಡಿಯುವ ವೈಸ್ ಸೊಟ್ಟಗಿದೆ ಎಂದುಕೊಂಡೆ. ಅದರ ಬೋಲ್ಟು ಸಡಿಲಿಸುವುದು, ಅಡಿಗೆ ತೆಳು ತಗಡು ಕೊಡುವುದು, ಮತ್ತೆ ಕತ್ತರಿಸಿ ನೋಡುವುದು, ಹೀಗೆ ಎರಡು ಭಾನುವಾರ ಹೋದವು. ಯಂತ್ರ ನಿಂತಿದ್ದಾಗ ಬ್ಲೇಡು ಮೂಲೆಮಟ್ಟಕ್ಕೆ ಸರಿಯಾಗಿಯೇ ನಿಲ್ಲುತ್ತಿತ್ತು, ಕತ್ತರಿಸುವಾಗ ಮಾತ್ರ ಪಕ್ಕಕ್ಕೆ ಓಡುತ್ತಿತ್ತು. ಕೊನೆಗೆ ಬ್ಲೇಡು ಬಿಚ್ಚಿ ಬಿಸಿಲಿಗೆ ಹಿಡಿದು ಎರಡೂ ಮಗ್ಗುಲಿಗೆ ಉಗುರು ಸವರಿದೆ. ಹಲ್ಲುಗಳು ಒಂದು ಎಡಕ್ಕೆ, ಒಂದು ಬಲಕ್ಕೆ ಬಾಗಿರುತ್ತವೆ. ಎಡದವು ಉಗುರಿಗೆ ಸಿಗುತ್ತಿದ್ದವು. ಬಲದವು ಸವೆದು ಕನ್ನಡಿಯಂತೆ ಹೊಳೆಯುತ್ತಿದ್ದವು. ವೈಸಿನ ಬಲ ದವಡೆಯ ಮೇಲೆ ಅದಕ್ಕೆ ಸರಿಹೊಂದುವ ಗೀರು ಇತ್ತು. ಯಾವಾಗಲೋ ಬ್ಲೇಡು ಅಲ್ಲಿ ಉಜ್ಜಿದೆ. ಒಂದು ಮಗ್ಗುಲು ಮೊಂಡಾದರೆ ಬ್ಲೇಡು ಹರಿತವಾದ ಮಗ್ಗುಲಿಗೆ ಎಳೆಯುತ್ತದೆ. ವೈಸನ್ನು ಎಷ್ಟು ತಿರುಗಿಸಿದರೂ ಅದು ಸರಿಹೋಗುವ ದೋಷವಲ್ಲ.

ಹುಬ್ಬಳ್ಳಿಯಲ್ಲಿ ಸುರುಳಿಯಿಂದ ಅಳತೆಗೆ ಕತ್ತರಿಸಿ, ತುದಿಗಳನ್ನು ಬೆಸೆದು ಬ್ಲೇಡು ಕೊಡುತ್ತಾರೆ. ನನ್ನದಕ್ಕೆ 1,638 ಮಿ.ಮೀ. ಬೇಕು. ಎರಡು ಬೈಮೆಟಲ್ (ಬೆನ್ನಿಗೆ ಬಾಗುವ ಉಕ್ಕು, ಹಲ್ಲಿಗೆ ಗಡಸು ಉಕ್ಕು) ಬ್ಲೇಡು ಮಾಡಿಸಿ, ಮೂರು ಸುತ್ತಾಗಿ ಮಡಚಿ ಚೀಲದಲ್ಲಿಟ್ಟು ಚಿಗರಿ ಬಸ್ಸಿನಲ್ಲಿ ತಂದೆ. ಹೊಸ ಬ್ಲೇಡಿಗೆ ಮೂರರಲ್ಲಿ ಎರಡೂವರೆ ಮಿಲಿಮೀಟರ್ ಹೋಯಿತು, ಅರ್ಧ ಉಳಿಯಿತು. ಅದು ನನ್ನ ತಪ್ಪು. ಬ್ಲೇಡನ್ನು ಹಿಡಿದು ನಡೆಸುವ ಬೇರಿಂಗ್‌ಗಳನ್ನು ದೂರ ಬಿಟ್ಟಿದ್ದೆ, ನಡುವಿನ ಬ್ಲೇಡು ಅದನ್ನು ಹೊತ್ತ ಮೇಲಿನ ತೋಳಿನ ತೂಕಕ್ಕೆ ಹೊಯ್ದಾಡುತ್ತಿತ್ತು. ಬೇರಿಂಗ್‌ಗಳನ್ನು ಪೈಪಿಗೆ ಆದಷ್ಟು ಹತ್ತಿರ ತಂದೆ, ಸ್ಪ್ರಿಂಗ್ ಬಿಗಿ ಮಾಡಿ ಆ ತೋಳಿನ ಭಾರ ಕಡಿಮೆ ಮಾಡಿದೆ. ಈಗ ಮಟ್ಟಕ್ಕೂ ಪೈಪಿಗೂ ನಡುವೆ ಬೆಳಕು ತೂರುವುದಿಲ್ಲ. ಹಳೆಯ ಯಂತ್ರ ಕೊಳ್ಳುವವರು ವೈಸಿಗೆ ಕೈಹಾಕುವ ಮೊದಲು ಹೊಸ ಬ್ಲೇಡು ಹಾಕಿ ನೋಡಲೇಬೇಕು.

ಹಲ್ಲಿನ ಲೆಕ್ಕವನ್ನೂ ಆಗಲೇ ಕಲಿತೆ. ಲೋಹದ ದಪ್ಪದೊಳಗೆ ಒಮ್ಮೆಗೆ ಕನಿಷ್ಠ ಮೂರು ಹಲ್ಲು ಇರಬೇಕು, ಇಲ್ಲದಿದ್ದರೆ ಹಲ್ಲು ಅಂಚಿಗೆ ಸಿಕ್ಕಿ ಕಿತ್ತುಬರುತ್ತದೆ. ಮೂರು ಮಿ.ಮೀ. ದಪ್ಪದ ಆಂಗಲನ್ನು ಹಂಚಿನ ಮಾಡಿನಂತೆ ಬೋರಲು ಇಟ್ಟರೆ ಬ್ಲೇಡಿಗೆ ಓರೆಯಲ್ಲಿ ನಾಲ್ಕು ಮಿ.ಮೀ.ಗೂ ಸ್ವಲ್ಪ ಹೆಚ್ಚು ದಪ್ಪ ಸಿಗುತ್ತದೆ. ಇಂಚಿಗೆ 18 ಹಲ್ಲಿನ ಬ್ಲೇಡಿನಲ್ಲಿ ಅದು ಸರಿಯಾಗಿ ಮೂರು ಹಲ್ಲು. ತೆಳು ಪೈಪಿಗೆ 24 ಹಲ್ಲಿನದೂ ಮೂರರ ಲೆಕ್ಕಕ್ಕೆ ಸಾಲದು, ಆದರೂ ಅದನ್ನೇ ಹಾಕಿ ತೀರಾ ನಿಧಾನವಾಗಿ ಇಳಿಸುತ್ತೇನೆ.

ವೇಗದಲ್ಲಿ ಕಲ್ಲಿನ ಚಕ್ರವೇ ಮುಂದೆ. ಅಲ್ಲಿ ಸೆಕೆಂಡುಗಳಲ್ಲಿ ಆಗುವುದಕ್ಕೆ ಇಲ್ಲಿ ನಿಮಿಷಗಳು ಬೇಕು. ಆದರೆ ಆ ಹೊತ್ತಿನಲ್ಲಿ ನಾನು ಪಕ್ಕದಲ್ಲೇ ಮುಂದಿನ ತುಂಡಿಗೆ ಗುರುತು ಹಾಕಿಕೊಳ್ಳುತ್ತೇನೆ, ಕತ್ತರಿಸಿದ್ದಕ್ಕೆ ಅರ ಹಾಕುತ್ತೇನೆ. ಕೊಯ್ತ ಮುಗಿದಾಗ ತೋಳು ಬಂದು ಸ್ವಿಚ್ಚಿಗೆ ಬಡಿದು ಯಂತ್ರ ತಾನೇ ನಿಲ್ಲುತ್ತದೆ. ದಿನಕ್ಕೆ ನೂರು ತುಂಡು ಬೇಕಾದವರಿಗೆ ಇದು ಸಾಲುವುದಿಲ್ಲ. ನನಗೆ ಒಂದು ಸಂಜೆಗೆ ಹತ್ತು ಸಾಕು, ಆ ಹತ್ತೂ ಅಜ್ಜಿಯ ನಿದ್ದೆ ಕೆಡಿಸದೆ ಆಗುತ್ತವೆ.

ಧಾರವಾಡದ ಜಿಟಿಜಿಟಿ ಮಳೆಗೆ ಯಂತ್ರದ ಹಾಸು ಎರಡೇ ದಿನದಲ್ಲಿ ತುಕ್ಕು ಹಿಡಿಯುತ್ತದೆ. ಕೆಲಸ ಮುಗಿದ ಮೇಲೆ ಎಣ್ಣೆ ಬಟ್ಟೆಯಿಂದ ಒರೆಸಿ, ಬ್ಲೇಡಿನ ಬಿಗಿ ಸಡಿಲಿಸಿಯೇ ಶೆಡ್ಡಿನ ಬಾಗಿಲು ಹಾಕುತ್ತೇನೆ.