ದೂರದೂರುಗಳ ಅಡ್ಡಮಾತು ಮತ್ತು ಒಂದು ಪದಮೂಲ ನಿಘಂಟು

ಊರಾಚೆಯ ಹಳ್ಳಿಗಾಡನ್ನು ಹಗುರವಾಗಿ ಹೆಸರಿಸುವ ಇಂಗ್ಲಿಷ್ ಆಡುಮಾತುಗಳು ಎಲ್ಲಿಂದ ಬಂದವು ಎಂದು ಹುಡುಕುವವರಿಗೆ, ಡಗ್ಲಸ್ ಹಾರ್ಪರ್ ಅವರು ಕಟ್ಟಿ ಬೆಳೆಸಿದ, ಹಣ ಕೊಡದೆ ಬಳಸಬಹುದಾದ ‘ಆನ್‌ಲೈನ್ ಎಟಿಮಾಲಜಿ ಡಿಕ್ಷನರಿ’ ಎಷ್ಟರಮಟ್ಟಿಗೆ ಒದಗುತ್ತದೆ ಎಂಬುದನ್ನು ಅಂತಹ ಕೆಲವು ಪದಗಳನ್ನೇ ಮುಂದಿಟ್ಟುಕೊಂಡು ಪರಿಶೀಲಿಸಿದೆ.

ಮೊದಲು ನೋಡಿದ್ದು ‘ಬೂಂಡಾಕ್ಸ್’. ಫಿಲಿಪೀನ್ಸಿನ ತಗಾಲೋಗ್ ಭಾಷೆಯಲ್ಲಿ ‘ಬುಂದೋಕ್’ ಎಂದರೆ ಬೆಟ್ಟ. ಆ ದ್ವೀಪಗಳನ್ನು ಆಕ್ರಮಿಸಿದ ಅಮೆರಿಕದ ಸೈನಿಕರು ಅದನ್ನು ದುರ್ಗಮವಾದ ಕಾಡುಮೇಡಿಗೆಲ್ಲ ಅನ್ವಯಿಸಿದರು ಎಂಬುದನ್ನು ನಿಘಂಟು ಚಿಕ್ಕದಾಗಿ ತಿಳಿಸುತ್ತದೆ. ವಿವರಣೆ ಸರಿಯಾಗಿಯೇ ಇದೆ. ಆದರೆ 1899ರಿಂದ 1902ರವರೆಗೆ ನಡೆದ ಯುದ್ಧದಲ್ಲಿ ಅಲ್ಲಿನ ಹೋರಾಟಗಾರರು ಬೆಟ್ಟಗಳ ಆಸರೆಯಲ್ಲಿ ಗೆರಿಲ್ಲಾ ಕಾಳಗ ನಡೆಸಿದ್ದರಿಂದ, ‘ಬೆಟ್ಟ’ ಎಂಬ ಸಾದಾ ಮಾತಿಗೆ ಸೈನಿಕರ ಬಾಯಲ್ಲಿ ಭಯವೂ ಬೇಸರವೂ ಅಂಟಿಕೊಂಡಿರಬೇಕು ಎಂಬುದನ್ನು ಓದುಗರೇ ಊಹಿಸಿಕೊಳ್ಳಬೇಕಾಗುತ್ತದೆ. ಅದೇ ಪದ ವಿಯೆಟ್ನಾಂ ಯುದ್ಧದ ಕಾಲಕ್ಕೆ ‘ಬೂನೀಸ್’ ಎಂದು ಮೊಟಕಾದದ್ದು ಕೂಡ ಸೈನಿಕರ ನಡುವೆಯೇ.

‘ಪೊಡಂಕ್’ ಕುರಿತ ನಮೂದು ಇದಕ್ಕಿಂತ ತೃಪ್ತಿಕರವಾಗಿದೆ. ಹೇಳಹೆಸರಿಲ್ಲದ ಸಣ್ಣ ಊರು ಎಂಬ ಅರ್ಥದಲ್ಲಿ ಬಳಕೆಯಾಗುವ ಈ ಮಾತು ವಾಸ್ತವವಾಗಿ ಅಮೆರಿಕದ ಕನೆಕ್ಟಿಕಟ್ ಪ್ರದೇಶದ ಒಂದು ಮೂಲನಿವಾಸಿ ಸಮುದಾಯದ ಹೆಸರು. 1840ರ ದಶಕದಲ್ಲಿ ಪತ್ರಿಕೆಗಳ ಹಾಸ್ಯಬರಹಗಳು ಅದನ್ನು ಗೇಲಿಯ ಮಾತಾಗಿಸಿದವು. ಅಲ್ಲಿನ ಮೂಲನಿವಾಸಿಗಳ ಭಾಷಾಕುಟುಂಬವಾದ ಆಲ್ಗೊಂಕ್ವಿಯನ್ ಮೂಲದಲ್ಲಿ ಅದಕ್ಕೆ ಜೌಗುನೆಲ ಎಂಬ ಅರ್ಥವಿದ್ದೀತು ಎಂಬ ಊಹೆಯನ್ನು ನಿಘಂಟು ಊಹೆಯೆಂದೇ ಹೇಳುತ್ತದೆ. ಕಟ್ಟುಕಥೆಗಳಿಗೆ ಬರವಿಲ್ಲದ ಈ ಕ್ಷೇತ್ರದಲ್ಲಿ ಇಂತಹ ಸಂಯಮವನ್ನು ನಾನು ದೊಡ್ಡ ಗುಣವೆಂದೇ ಎಣಿಸುತ್ತೇನೆ. ಮರಗಳು ತುಂಬಿದ ನಾಡು ಎಂಬುದರಿಂದ ಬಂದ ‘ಸ್ಟಿಕ್ಸ್’ ಬಗ್ಗೆ ಹೆಚ್ಚು ಹೇಳುವುದಕ್ಕೇನೂ ಇಲ್ಲ, ನಿಘಂಟೂ ಹೇಳಹೋಗುವುದಿಲ್ಲ.

ತೊಡಕಿರುವುದು ಅದರ ವ್ಯಾಪ್ತಿಯಲ್ಲಿ. ಅದು ಇಂಗ್ಲಿಷ್ ಪದಗಳಿಗಷ್ಟೇ ಮೀಸಲಾದ್ದರಿಂದ, ಫ್ರೆಂಚರು ಕೊಂಪೆಯಂತಹ ಊರನ್ನು ‘ಬ್ಲೆಡ್’ ಎನ್ನುವುದೇಕೆ ಎಂಬುದಕ್ಕೆ ಅಲ್ಲಿ ಉತ್ತರ ಸಿಗದು. ಉತ್ತರ ಆಫ್ರಿಕದ ಅರಬ್ಬಿಯಲ್ಲಿ ನಾಡು, ಊರು ಎಂಬ ಗೌರವದ ಅರ್ಥವುಳ್ಳ ಆ ಪದವೂ ವಸಾಹತು ಸೈನಿಕರ ಬಾಯಿಂದಲೇ ಫ್ರೆಂಚಿಗೆ ಇಳಿದು ತಾತ್ಸಾರದ ಮಾತಾಯಿತು. ಬೇರೆಯವರ ಬೆಟ್ಟ, ಬೇರೆಯವರ ಊರು ಒಂದೇ ದಾರಿಯಲ್ಲಿ ‘ಎಲ್ಲೂ ಅಲ್ಲದ ಜಾಗ’ವಾಗಿ ಬದಲಾದ ಈ ಬಗೆಯನ್ನು ಒಂದೊಂದೇ ಪದ ತೋರಿಸುವ ನಿಘಂಟು ಕಾಣಿಸಲಾರದು. ಅದಕ್ಕಾಗಿ, ಇದೂ ಉಚಿತವಾಗಿಯೇ ದೊರೆಯುವ ‘ಟ್ರೆಸೊರ್ ದ ಲಾ ಲಾಂಗ್ ಫ್ರಾಂಸೇಸ್’ ಎಂಬ ಫ್ರೆಂಚ್ ನಿಘಂಟನ್ನು ಪಕ್ಕದಲ್ಲಿ ತೆರೆದಿಟ್ಟುಕೊಳ್ಳುವುದು ಒಳ್ಳೆಯದು.